ಕತ್ತು ನಿಲ್ಲದ ಗೊಂಬೆ

ಬಟ್ಟೆ ಗೊಂಬೆ ಮಾಡುವವರ ಜೊತೆ ಕೂತರೆ ಮಾತೆಲ್ಲ ಮುಖದ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಣ್ಣನ್ನು ದಾರದಲ್ಲಿ ಹೊಲಿಯಬೇಕಾ, ಬಣ್ಣದಲ್ಲಿ ಬರೆಯಬೇಕಾ, ಕೆನ್ನೆ ಎಷ್ಟು ಕೆಂಪಗಿರಬೇಕು, ಕೂದಲಿಗೆ ಯಾವ ನೂಲು ಒಳ್ಳೆಯದು. ಕತ್ತಿನ ವಿಷಯಕ್ಕೆ ಯಾರೂ ಬರುವುದಿಲ್ಲ. ನಾನು ಹೊಸ ಗೊಂಬೆ ಮಾಡುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೇ ಜಾಸ್ತಿ. ಪರಿಚಯದವರು, ಅವರ ಪರಿಚಯದವರು ತಂದುಕೊಡುತ್ತಾರೆ. ಹಾಗೆ ಬರುವ ಗೊಂಬೆಗಳಲ್ಲಿ ಹೆಚ್ಚಿನವು ಸೋತಿರುವುದು ಕತ್ತಿನಲ್ಲೇ. ಕಣ್ಣು, ಮೂಗು ಎಲ್ಲ ಸರಿಯಾಗಿಯೇ ಇರುತ್ತದೆ, ಲಂಗದ ಅಂಚಿನ ಲೇಸು ಕೂಡ ಬಿಟ್ಟಿರುವುದಿಲ್ಲ, ತಲೆ ಮಾತ್ರ ಎದೆಗೆ ಜೋತುಬಿದ್ದಿರುತ್ತದೆ. ಎತ್ತಿ ನೆಟ್ಟಗೆ ಮಾಡಿದರೆ ಹಿಂದಕ್ಕೆ ವಾಲುತ್ತದೆ.

"ಒಂಚೂರು ಹತ್ತಿ ತುಂಬಿಕೊಡಿ, ಸರಿಹೋಗುತ್ತೆ" ಅನ್ನುತ್ತಾರೆ ತಂದವರು. ಸರಿಹೋಗುವುದಿಲ್ಲ. ಕತ್ತಿನ ಹತ್ತಿರ ಹೊಲಿಗೆ ಬಿಚ್ಚಿ ಒಂದಿಷ್ಟು ತುರುಕಿ ಮುಚ್ಚಿದರೆ ಆ ಹೊತ್ತಿಗೆ ಗೊಂಬೆ ತಲೆ ಎತ್ತಿ ಕೂರುತ್ತದೆ. ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಅದೇ ಜಾಗ, ಅದೇ ಮಡಿಕೆ.

ಈ ಕತ್ತಿನ ಕಾಟ ತಲೆಯಲ್ಲಿ ಹೊಕ್ಕ ಮೇಲೆ ನಾನು ಗೊಂಬೆಯ ಸಾಮಾನುಗಳನ್ನು ನೋಡುವ ರೀತಿಯೇ ಬದಲಾಯಿತು. ಬಟ್ಟೆ ಗೊಂಬೆ ಅಂದರೆ ಮೆತ್ತಗಿರಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ, ಅಲ್ವಾ? ಬಟ್ಟೆ ಕೊಳ್ಳುವಾಗ ಕೆನ್ನೆಗೆ ಒತ್ತಿ ನೋಡುತ್ತೇವೆ. ಒಳಗೆ ತುಂಬುವ ಹತ್ತಿಯನ್ನು ಮುಷ್ಟಿಯಲ್ಲಿ ಹಿಸುಕಿ, ಎಷ್ಟು ಮೆತ್ತಗಿದೆಯೋ ಅಷ್ಟು ಒಳ್ಳೆಯದು ಅಂದುಕೊಳ್ಳುತ್ತೇವೆ. ಆದರೆ ಗೊಂಬೆ ಬಾಳುವುದು ಅದರ ಗಟ್ಟಿ ಜಾಗಗಳ ಬಲದ ಮೇಲೆ. ಎಲ್ಲಿ ಗಟ್ಟಿ ಇರಬೇಕು, ಎಲ್ಲಿ ಸಡಿಲ ಇರಬೇಕು ಅನ್ನುವುದು ಮೊದಲು ತೀರ್ಮಾನ ಆಗಬೇಕು, ಬಟ್ಟೆ ದಾರ ಆರಿಸುವುದೆಲ್ಲ ಆಮೇಲೆ. ನಾವು ಮಾಡುವುದು ಇದರ ಉಲ್ಟಾ. ಚೆಂದದ ಬಟ್ಟೆ ಸಿಕ್ಕಿತು ಅಂತ ಗೊಂಬೆ ಶುರುಮಾಡುತ್ತೇವೆ.

ಕತ್ತಿನೊಳಗೆ ನಡೆಯುವುದೇನು

ಕತ್ತಿನ ಮೇಲೆ ಬೀಳುವ ಕೆಲಸ ನೋಡಿ. ಬಟ್ಟೆ ಗೊಂಬೆಗಳ ತಲೆ ಮೈಗಿಂತ ಅಳತೆ ಮೀರಿ ದೊಡ್ಡದು. ಎಳೆ ಮಗುವಿನ ಮೈಕಟ್ಟು ಮನಸ್ಸಿನಲ್ಲಿಟ್ಟುಕೊಂಡೇ ಜಾಸ್ತಿ ಪ್ಯಾಟರ್ನ್‌ಗಳನ್ನು ಬರೆದಿರುತ್ತಾರೆ. ಅಷ್ಟು ದೊಡ್ಡ ತಲೆಯನ್ನು ಹೆಬ್ಬೆರಳ ದಪ್ಪದ ಒಂದು ಬಟ್ಟೆ ಕೊಳವೆ ಹೊರಬೇಕು. ಸಾಲದ್ದಕ್ಕೆ ಮಕ್ಕಳು ಗೊಂಬೆ ಹಿಡಿಯುವ ರೀತಿ ಬೇರೆ. ನೆಂಟರ ಮಗುವೊಂದು ಗೊಂಬೆ ಇಟ್ಟುಕೊಂಡು ಆಡುವುದನ್ನು ಒಮ್ಮೆ ಮಧ್ಯಾಹ್ನ ಪೂರ್ತಿ ನೋಡುತ್ತಾ ಕೂತಿದ್ದೆ. ಅದು ಗೊಂಬೆಯ ಸೊಂಟ ಹಿಡಿದದ್ದೇ ಇಲ್ಲ. ಓಡುವಾಗ ಒಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತಿತ್ತು. ಕೂತಾಗ ಗೊಂಬೆಯ ಕತ್ತನ್ನು ಮೊಣಕೈ ಸಂದಿಗೆ ಸಿಕ್ಕಿಸಿಕೊಂಡು, ಎರಡೂ ಅಂಗೈ ಖಾಲಿ ಮಾಡಿಕೊಂಡು ಬೇರೇನೋ ಜೋಡಿಸುತ್ತಿತ್ತು. ನಿದ್ದೆ ಬಂದಾಗ ಕತ್ತಿನ ಹಿಂಭಾಗದ ಹೊಲಿಗೆ ಮೇಲೆ ಬೆರಳು ಉಜ್ಜುತ್ತಾ ಹಾಗೇ ಮಲಗಿಬಿಟ್ಟಿತು. ಮಗುವಿನ ಪಾಲಿಗೆ ಕತ್ತು ಅಂದರೆ ಹಿಡಿಕೆ.

ಇಷ್ಟು ಹಿಸುಕಾಟ ನಡೆದರೆ ಒಳಗಿನ ಎಳೆಗಳು ಸುಮ್ಮನೆ ಇರುತ್ತವಾ? ಜಾಗ ಬಿಟ್ಟು ಜಾರುತ್ತವೆ. ಒಂದಿಷ್ಟು ತಲೆಯ ಕಡೆಗೆ, ಒಂದಿಷ್ಟು ಎದೆಯ ಕಡೆಗೆ, ನಡುವೆ ಟೊಳ್ಳು. ನಾವು ತುಂಬುವ ಕ್ರಮವೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ಬಹಳ ಜನ ಮೊದಲು ತಲೆ ತುಂಬುತ್ತಾರೆ, ಆಮೇಲೆ ಮೈ, ಕೊನೆಗೆ ಕತ್ತಿನಲ್ಲಿ ಉಳಿದ ಸಂದಿಗೆ ಚಿಕ್ಕ ಚಿಕ್ಕ ಉಂಡೆ ಮಾಡಿ ತುರುಕುತ್ತಾರೆ. ಆ ಉಂಡೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ಎರಡು ಉಂಡೆ ಸೇರುವ ಗೆರೆಯಲ್ಲಿ ಗೊಂಬೆ ಬಾಗಿಲ ತಿರುಗಣೆಯ ಹಾಗೆ ಮಡಚಿಕೊಳ್ಳುತ್ತದೆ. ಬೆರಳಿಗೆ, ಮೂಗಿಗೆ ಚಿಕ್ಕ ಚೂರುಗಳೇ ಬೇಕು, ಅದು ನಿಜ. ಕತ್ತಿಗೆ ಬೇಕಾಗುವುದು ಒಂದೇ ಒಂದು ಉದ್ದನೆಯ ಬಿಗಿ ಸುರುಳಿ. ತಲೆಯ ಮಧ್ಯದಲ್ಲಿ ಶುರುವಾಗಿ, ಕತ್ತು ದಾಟಿ, ಎದೆಯ ಅರ್ಧದವರೆಗೆ ಇಳಿಯುವಂಥದ್ದು. ಅದರ ಸುತ್ತ ಮಿಕ್ಕಿದ್ದನ್ನು ತುಂಬಬೇಕು. ಅದಕ್ಕೆ ಉದ್ದ ಮೂತಿಯ ಇಕ್ಕಳ ಒಂದಿದ್ದರೆ ಕೆಲಸ ಸಲೀಸು. ಆಪರೇಷನ್ ಥಿಯೇಟರ್‌ನಲ್ಲಿ ಬಳಸುವ ಫೋರ್‌ಸೆಪ್ಸ್ ಇದೆಯಲ್ಲ, ಗೊಂಬೆ ಮಾಡುವವರು ಅದನ್ನೇ ಇಟ್ಟುಕೊಂಡಿರುತ್ತಾರೆ.

ಇನ್ನು ಯಾವ ಎಳೆ ಅನ್ನುವ ಪ್ರಶ್ನೆ. ಈಗ ಎಲ್ಲರ ಕೈಗೂ ಸುಲಭವಾಗಿ ಸಿಗುವುದು ಪಾಲಿಯೆಸ್ಟರ್ ಫೈಬರ್‌ಫಿಲ್. ಹಗುರ, ಒಗೆದರೆ ಬೇಗ ಒಣಗುತ್ತದೆ, ಹುಳ ತಿನ್ನುವುದಿಲ್ಲ. ಅದರಲ್ಲೂ ಎರಡು ಜಾತಿ ಇದೆ ಅನ್ನುವುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಒಂದಕ್ಕೆ ಸಿಲಿಕೋನ್ ಲೇಪ ಇರುತ್ತದೆ, ಮುಟ್ಟಿದರೆ ನುಣ್ಣಗೆ ಜಾರುತ್ತದೆ. ದಿಂಬಿಗೆ ಅದೇ ಬೇಕು, ತಲೆ ಎತ್ತಿದ ತಕ್ಷಣ ಎಳೆಗಳು ಒಂದರ ಮೇಲೊಂದು ಜಾರಿ ಮತ್ತೆ ಉಬ್ಬಲಿ ಅಂತಲೇ ಆ ಲೇಪ. ಗೊಂಬೆಯ ಕತ್ತಿಗೆ ಆ ಜಾರುವ ಗುಣವೇ ಶತ್ರು. ಲೇಪ ಇಲ್ಲದ, ಕೈಗೆ ಸ್ವಲ್ಪ ಒಣ ಒಣ ಅನಿಸುವ, ಗುಂಗುರು ಜಾಸ್ತಿ ಇರುವ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನಿಲ್ಲುತ್ತವೆ. ಒಂದು ಚೂರು ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ಸಾಕು, ಯಾವ ಜಾತಿಯದು ಅಂತ ಗೊತ್ತಾಗಿಬಿಡುತ್ತದೆ. ಅಂಗಡಿಯಲ್ಲಿ ಕೈಗೆ ಹಿತ ಅನಿಸಿದ್ದನ್ನೇ ತಂದರೆ ದಿಂಬಿನ ಸಾಮಾನು ಮನೆಗೆ ಬರುತ್ತದೆ.

ಉಣ್ಣೆ ತುಂಬುವವರದ್ದು ಬೇರೆಯೇ ಪಂಥ. ವಾಲ್ಡಾರ್ಫ್ ಮಾದರಿಯ ಗೊಂಬೆ, ಅಂದರೆ ಅದೇ ಹೆಸರಿನ ಶಾಲೆಗಳಿಂದ ಬಂದ ಸರಳ ಮುಖದ ಗೊಂಬೆ ಮಾಡುವವರು ಪಾಲಿಯೆಸ್ಟರ್ ಮುಟ್ಟುವುದೇ ಇಲ್ಲ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹೊಪ್ಪಳಿಕೆಗಳಿರುತ್ತವೆ, ಒತ್ತಿ ಉಜ್ಜಿದಷ್ಟೂ ಅವು ಒಂದರಲ್ಲೊಂದು ಸಿಕ್ಕಿಕೊಳ್ಳುತ್ತವೆ. ಅಂದರೆ ಮಗು ಹಿಸುಕಿದಷ್ಟೂ ಕತ್ತು ಒತ್ತಾಗುತ್ತಾ ಹೋಗುತ್ತದೆ, ಜಾರಿ ಹೋಗುವುದಿಲ್ಲ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಮುಟ್ಟುವುದಕ್ಕೆ ಒದ್ದೆ ಅನಿಸುವುದಿಲ್ಲ. ತೋಳಲ್ಲಿ ಹಿಡಿದುಕೊಂಡು ಮಲಗಿದರೆ ಗೊಂಬೆ ನಿಧಾನವಾಗಿ ಬೆಚ್ಚಗಾಗುತ್ತದೆ, ಬೆಳಿಗ್ಗೆವರೆಗೂ ಹಾಗೇ ಇರುತ್ತದೆ. ತೊಂದರೆ ಏನಪ್ಪಾ ಅಂದರೆ ನುಸಿ ಹಿಡಿಯುತ್ತದೆ, ಬಿಸಿನೀರಲ್ಲಿ ಹಾಕಿ ತಿರುಗಿಸಿದರೆ ಕುಗ್ಗಿ ಗಂಟಾಗುತ್ತದೆ. ಹತ್ತಿಗೆ ಉಣ್ಣೆಯ ಗುಂಗುರು ಇಲ್ಲ. ಒತ್ತಿದರೆ ಒತ್ತಿಕೊಂಡೇ ಉಳಿಯುತ್ತದೆ, ಒದ್ದೆಯಾದರೆ ಭಾರವಾಗುತ್ತದೆ, ಒಳಗೆ ಒಣಗುವಷ್ಟರಲ್ಲಿ ಮುಗ್ಗಲು ವಾಸನೆ. ಬೂರುಗದ ಹತ್ತಿಯ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಪದರ. ನೀರು ಒಳಗೆ ಇಳಿಯುವುದಿಲ್ಲ, ಹಾಗಾಗಿಯೇ ಒಂದು ಕಾಲದಲ್ಲಿ ಲೈಫ್ ಜಾಕೆಟ್‌ಗಳಿಗೆ ಅದನ್ನೇ ತುಂಬುತ್ತಿದ್ದರು. ಗೊಂಬೆಗೆ ತುಂಬುವಾಗ ಮೂಗು, ಬಾಯಿ, ಹುಬ್ಬು ಎಲ್ಲ ಕಡೆ ಹಾರಿ ಕೂರುತ್ತದೆ, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ಕಾಲ ಕಳೆದಂತೆ ಎಳೆ ಮುರಿದು ಪುಡಿಯಾಗುತ್ತದೆ. ಕತ್ತಿಗೆ ಅದು ಕೆಲಸಕ್ಕೆ ಬಾರದು. ಹೊಟ್ಟೆಗೆ ಮಾತ್ರ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಹಾಗಾದರೆ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಕತ್ತಿಗೆ ಒಂದು, ಹೊಟ್ಟೆಗೆ ಇನ್ನೊಂದು. ಒಂದು ಗೊಂಬೆಗೆ ಒಂದೇ ಸಾಮಾನು ತುಂಬಬೇಕು ಅಂತ ಯಾರೂ ಕಾನೂನು ಮಾಡಿಲ್ಲವಲ್ಲ.

ಗೊಂಬೆಯ ಒಳಗೊಂದು ಗೊಂಬೆ

ಕತ್ತಿನ ಬಗ್ಗೆ ನನಗೆ ಜಾಸ್ತಿ ಕಲಿಸಿದ್ದು ಒಂದು ಹಳೇ ಗೊಂಬೆ. ಅದನ್ನು ತಂದವರಿಗೆ ಅದು ಅಜ್ಜಿಯ ಕಡೆಯಿಂದ ಬಂದದ್ದು. ಮೊಣಕಾಲು, ಮೊಣಕೈ ಹತ್ತಿರ ಬಟ್ಟೆ ಸವೆದು ಜಾಲರಿ ಆಗಿತ್ತು. ಮೈಗೆ ಹೊಸ ಬಟ್ಟೆ ಹಾಕಿಕೊಡಿ, ಮುಖ ಹಾಗೇ ಇರಲಿ ಅಂದರು. ನನಗೆ ಆಶ್ಚರ್ಯ ಆದದ್ದು ಕತ್ತು ನೋಡಿ. ಅಷ್ಟು ಹಳೆಯ ಗೊಂಬೆಯ ಕತ್ತು ಕಂಬ ನಿಂತ ಹಾಗೆ ನೆಟ್ಟಗಿತ್ತು. ಒತ್ತಿದರೆ ಬೆರಳು ಒಳಗೆ ಹೋಗುತ್ತಿರಲಿಲ್ಲ.

ಬೆನ್ನಿನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸುತ್ತಾ ಹೋದೆ. ಒಳಗೆ ಹತ್ತಿ ಕಾಣುತ್ತದೆ ಅಂದುಕೊಂಡರೆ ಬಣ್ಣ ಮಾಸಿದ ಚಿಕ್ಕ ಚಿಕ್ಕ ಹೂವಿನ ಬಟ್ಟೆ ಕಂಡಿತು. ಇನ್ನಷ್ಟು ಬಿಚ್ಚಿದರೆ ಆ ಬಟ್ಟೆಗೂ ಒಂದು ಬೆನ್ನಿನ ಹೊಲಿಗೆ. ಎರಡೂ ಪಕ್ಕಕ್ಕೆ ಚಪ್ಪಟೆಯಾಗಿ ಒತ್ತಿ ಹೊಲಿದಿದ್ದ ಎರಡು ಪುಟ್ಟ ಕೈಗಳು. ಹೊರಗಿನ ಗೊಂಬೆಯನ್ನು ಒಳಗಿನ ಗೊಂಬೆಯ ಮೇಲೆ ಅಂಗಿ ತೊಡಿಸಿದ ಹಾಗೆ ಹೊಲಿದಿದ್ದರು. ಒಳಗಿನದಕ್ಕೂ ಮುಖ ಇತ್ತು. ಬಾಯಿಯ ಕೆಂಪು ದಾರ ಇನ್ನೂ ಹಾಗೇ ಇತ್ತು, ಕಣ್ಣುಗಳಿದ್ದ ಜಾಗದಲ್ಲಿ ಮಾತ್ರ ಸೂಜಿ ಚುಚ್ಚಿದ ಸಣ್ಣ ತೂತುಗಳ ಎರಡು ಗುಂಪು, ಅಲ್ಲಿ ಇಲ್ಲಿ ಕಂದು ಪುಡಿ. ಯಾರೂ ಕಿತ್ತದ್ದಲ್ಲ ಅದು. ಹಳೆಯ ಕಾಲದ ಕಪ್ಪು ಬಣ್ಣವನ್ನು ತೊಗಟೆ ಕಾಯಿಗಳ ಒಗರಿಗೆ ಕಬ್ಬಿಣದ ಉಪ್ಪು ಸೇರಿಸಿ ಮಾಡುತ್ತಿದ್ದರು. ಆ ಕಬ್ಬಿಣ ವರ್ಷಗಳು ಕಳೆದಂತೆ ಎಳೆಯನ್ನೇ ತಿಂದುಹಾಕುತ್ತದೆ. ಹಳೆಯ ಕಸೂತಿಗಳಲ್ಲಿ ಬೇರೆ ಬಣ್ಣಗಳೆಲ್ಲ ಉಳಿದು ಕಪ್ಪು ಗೆರೆಗಳು ಮಾತ್ರ ಉದುರಿರುವುದನ್ನು ನೀವು ನೋಡಿರಬಹುದು. (ಬಟ್ಟೆಗೆ ಚಹಾದ ಬಣ್ಣ ಕಟ್ಟುವವರಿಗೆ ಒಂದು ಮಾತು: ಚಹಾದಲ್ಲೂ ಅದೇ ಒಗರಿದೆ, ಕಬ್ಬಿಣದ ಪಾತ್ರೆ ಬೇಡ.)

ಒಳಗಿನ ಗೊಂಬೆಯ ಒಂದು ಬದಿಯ ಹೊಲಿಗೆ ತಾನಾಗಿಯೇ ಬಿಟ್ಟಿತ್ತು. ಬ್ಯಾಟರಿ ಹಿಡಿದು ಇಣುಕಿದೆ. ಹತ್ತಿಯ ಒಂದು ಎಳೆಯೂ ಇರಲಿಲ್ಲ. ಅಂಗೈ ಅಗಲದ ಬಟ್ಟೆ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿ, ಸೊಂಟದಿಂದ ನೆತ್ತಿಯವರೆಗೆ ಒಂದೇ ಸುರುಳಿ ಮಾಡಿ, ಕತ್ತಿನ ಜಾಗದಲ್ಲಿ ದಾರವನ್ನು ಸುತ್ತಿನ ಮೇಲೆ ಸುತ್ತು ಹಾಕಿ ಬಿಗಿದಿದ್ದರು. ತಲೆ ದುಂಡಗೆ ಕಾಣಲಿ ಅಂತ ಮೇಲ್ಭಾಗಕ್ಕೆ ಮಾತ್ರ ಚಿಂದಿ ಸುತ್ತಿದ್ದರು. ಜಾರುವುದಕ್ಕೆ ಅಲ್ಲಿ ಎಳೆಯೇ ಇಲ್ಲ, ಮಡಚುವುದಕ್ಕೆ ಸಂದಿಯೇ ಇಲ್ಲ. ಹೊರಗಿನ ಚರ್ಮ ಬದಲಾಗಿದೆ, ಮುಖ ಬದಲಾಗಿದೆ, ಈ ನಡುಗಂಬ ಮಾತ್ರ ಮೊದಲನೆಯದೇ.

ಗೊಂಬೆ ತಂದವರನ್ನು ಕರೆದು ತೋರಿಸಿದೆ. ಒಳಗೆ ಇನ್ನೊಂದು ಗೊಂಬೆ ಇರುವುದು ಅವರಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಆ ತೂತುಗಳ ಮೇಲೆ ಬೆರಳಾಡಿಸಿ, "ಮುಚ್ಚಿಬಿಡಿ, ಆದರೆ ಏನನ್ನೂ ತೆಗೆಯಬೇಡಿ" ಅಂದರು. ಹಾಗೇ ಮಾಡಿದೆ. ಈಗ ಅದು ಮೂರು ಪದರದ ಗೊಂಬೆ, ಸೊಂಟ ಸ್ವಲ್ಪ ದಪ್ಪ ಆಗಿದೆ.

ಚಿಂದಿ ತುಂಬುವುದು ಬಡತನದ ಉಪಾಯ, ಬೇರೆ ಏನೂ ಸಿಗದವರು ಮಾಡುವುದು ಅಂತ ಒಂದು ಅಸಡ್ಡೆ ನಮ್ಮಲ್ಲಿ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ನರ ಕಾಲದ ಒಂದು ಬಟ್ಟೆ ಗೊಂಬೆ ಇದೆ. ಈಜಿಪ್ಟಿನಲ್ಲಿ ಸಿಕ್ಕಿದ್ದು, 1ರಿಂದ 5ನೇ ಶತಮಾನದ ನಡುವಿನದು ಅನ್ನುತ್ತಾರೆ. ಒರಟು ನಾರುಬಟ್ಟೆಯ ಮೈ, ಒಳಗೆ ಚಿಂದಿ ಬಟ್ಟೆ ಮತ್ತು ಪಪೈರಸ್ ಚೂರುಗಳು. ಆ ಒಣ ಮಣ್ಣು ಅದನ್ನು ಕಾಪಾಡಿತು ಅನ್ನುವುದು ಸರಿ. ಆದರೂ ಅದರ ಫೋಟೋ ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಕತ್ತಿನ ಕಡೆಗೇ. ಚಿಂದಿ ಭಾರ, ಒಗೆದರೆ ಒಣಗುವುದಿಲ್ಲ, ಸರಿಯಾಗಿ ಸುತ್ತದಿದ್ದರೆ ಹೊರಗೆ ಗಂಟು ಗಂಟಾಗಿ ಕಾಣುತ್ತದೆ. ಅದನ್ನೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಕತ್ತಿನ ಮಟ್ಟಿಗೆ ಸುತ್ತಿದ ಬಟ್ಟೆಯನ್ನು ಮೀರಿಸಿದ್ದು ನಾನು ಇನ್ನೂ ಕಂಡಿಲ್ಲ. ಕೆಲವರು ಮರದ ಕಡ್ಡಿ ಇಡುತ್ತಾರೆ, ಕೆಲವರು ತಂತಿ. ಕಪಾಟಿನ ಗೊಂಬೆಗೆ ಪರವಾಗಿಲ್ಲ. ಮಗು ಕೈಗೆ ಹೋಗುವ ಗೊಂಬೆಯಲ್ಲಿ ತಂತಿಯ ತುದಿ ಒಂದಲ್ಲ ಒಂದು ದಿನ ಬಟ್ಟೆ ಚುಚ್ಚಿಕೊಂಡು ಹೊರಗೆ ಬರುತ್ತದೆ.

ಒಂದೇ ಪ್ಯಾಟರ್ನ್, ಎರಡು ಮೈ

ಇನ್ನು ಹೊರಗಿನ ಬಟ್ಟೆ. ಒಮ್ಮೆ ನಾವು ಕೆಲವರು ಸೇರಿ ಗೊಂಬೆ ಹೊಲಿಯುತ್ತಾ ಕೂತಿದ್ದೆವು. ಎಲ್ಲರಿಗೂ ಒಂದೇ ಪ್ಯಾಟರ್ನ್, ಒಂದೇ ಥಾನಿನಿಂದ ಕತ್ತರಿಸಿದ ಬನಿಯನ್ ಬಟ್ಟೆ, ಒಂದೇ ಚೀಲದ ಸ್ಟಫಿಂಗ್. ಸಂಜೆ ಹೊತ್ತಿಗೆ ಗೊಂಬೆಗಳನ್ನು ಸಾಲಾಗಿ ಕೂರಿಸಿದಾಗ ಅಕ್ಕಪಕ್ಕದ ಎರಡು ಗೊಂಬೆ ನೋಡಿ ಎಲ್ಲರೂ ನಗುವುದೇ ನಗುವುದು. ಒಂದು ಕಡ್ಡಿ, ಉದ್ದ ಕಾಲು, ಉದ್ದ ಕತ್ತು. ಇನ್ನೊಂದು ಕುಳ್ಳಿ, ಕತ್ತೇ ಕಾಣದ ಹಾಗೆ ಗಲ್ಲ ಎದೆಗೆ ಕೂತಿದೆ. ಯಾರು ಜಾಸ್ತಿ ತುಂಬಿದರು, ಯಾರು ಕಡಿಮೆ ತುಂಬಿದರು ಅಂತ ಚರ್ಚೆ ಶುರುವಾಯಿತು. ತೂಗಿ ನೋಡಿದರೆ ಎರಡಕ್ಕೂ ಹೆಚ್ಚು ಕಮ್ಮಿ ಒಂದೇ ತೂಕ. ಕೊನೆಗೆ ಒಬ್ಬರು ಉಳಿದ ತುಂಡುಗಳನ್ನು ಕೈಗೆ ತೆಗೆದುಕೊಂಡು ಎಳೆದು ತೋರಿಸಿದರು. ಬನಿಯನ್ ಬಟ್ಟೆ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಹಿಗ್ಗುವ ದಿಕ್ಕು ಕಾಲಿನ ಸುತ್ತಳತೆಗೆ ಬರುವ ಹಾಗೆ ಕತ್ತರಿಸಿದರೆ ತುಂಬಿದಷ್ಟೂ ಕಾಲು ದಪ್ಪಗಾಗುತ್ತದೆ. ಹಿಗ್ಗುವ ದಿಕ್ಕು ಕಾಲಿನ ಉದ್ದಕ್ಕೆ ಬಂದರೆ ತುಂಬಿದಷ್ಟೂ ಉದ್ದವಾಗುತ್ತದೆ. ಕಡ್ಡಿ ಗೊಂಬೆ ಮಾಡಿದವರು ಬಟ್ಟೆ ಉಳಿಸಲಿಕ್ಕೆ ಪ್ಯಾಟರ್ನನ್ನು ಅಡ್ಡಡ್ಡ ಇಟ್ಟು ಕತ್ತರಿಸಿದ್ದರು, ಅಷ್ಟೇ.

ನೇಯ್ದ ಬಟ್ಟೆಗೂ ಇದೇ ಲೆಕ್ಕ, ಆದರೆ ಅಷ್ಟು ಬಾಯಿ ಬಿಟ್ಟು ಹೇಳುವುದಿಲ್ಲ. ಹಾಸಿನ, ಅಂದರೆ ಮಗ್ಗದ ಉದ್ದದ ಎಳೆಗಳ ದಿಕ್ಕಿಗೆ ಬಟ್ಟೆ ಬಹಳ ಕಡಿಮೆ ಹಿಗ್ಗುತ್ತದೆ, ಹೊಕ್ಕಿನ, ಅಂದರೆ ಅಡ್ಡ ಎಳೆಗಳ ದಿಕ್ಕಿಗೆ ಸ್ವಲ್ಪ, ಓರೆಯಾಗಿ ಎಳೆದರೆ ಧಾರಾಳ. ದರ್ಜಿಗಳು ಕ್ರಾಸ್ ಅಂತಾರಲ್ಲ, ಅದು. ಕತ್ತಿನ ಉದ್ದಕ್ಕೆ ಹಾಸು ಬಂದರೆ ಅದು ಎಳೆತವನ್ನು ತಡೆಯುತ್ತದೆ. ಎಡಗಾಲನ್ನು ನೇರಕ್ಕೂ ಬಲಗಾಲನ್ನು ತುಸು ಓರೆಗೂ ಕತ್ತರಿಸಿದರೆ ತುಂಬಿದ ಮೇಲೆ ಬಲಗಾಲು ತಿರುಚಿಕೊಂಡು ನಿಲ್ಲುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ನೆಟ್ಟಗಾಗುವುದಿಲ್ಲ.

ನೇಯ್ಗೆಯ ಒತ್ತು ಕೂಡ ಮುಖ್ಯ. ಗೊಂಬೆಯನ್ನು ಗಟ್ಟಿಯಾಗಿ ತುಂಬಿದಾಗ ಭಾರವೆಲ್ಲ ಬೀಳುವುದು ಹೊಲಿಗೆಯ ಮೇಲೆ. ಸಡಿಲ ನೇಯ್ಗೆಯ ಬಟ್ಟೆಯಾದರೆ ದಾರ ಗಟ್ಟಿಯಾಗಿಯೇ ಇರುತ್ತದೆ, ಬಟ್ಟೆಯ ಎಳೆಗಳು ಪಕ್ಕಕ್ಕೆ ಸರಿದು ಸೂಜಿ ತೂತುಗಳು ಕಿಟಕಿಗಳಾಗುತ್ತವೆ. ಅಲ್ಲಿಂದ ಒಳಗಿನ ಎಳೆ ಗಡ್ಡ ಬೆಳೆದಂತೆ ಹೊರಗೆ ಇಣುಕುತ್ತದೆ. ಬೆಳಕಿಗೆ ಹಿಡಿದು ನೋಡಿ, ಎಳೆಗಳ ನಡುವೆ ಚುಕ್ಕಿ ಚುಕ್ಕಿ ಬೆಳಕು ಕಂಡರೆ ಆ ಬಟ್ಟೆ ಅಂಗಿಗೆ ಇರಲಿ, ಮೈಗೆ ಬೇಡ. ಬಿಳುಪು ಮಾಡದ ಒತ್ತು ನೇಯ್ಗೆಯ ಕೋರಾ ಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿಕೊಂಡರೆ ಅದಕ್ಕಿಂತ ನಂಬಿಕಸ್ಥ ಬಟ್ಟೆ ಇಲ್ಲ. ಮಷಿನ್‌ನಲ್ಲಿ ಹೊಲಿಗೆಯ ಉದ್ದ 1.5ರಿಂದ 2 ಮಿಲಿಮೀಟರ್ ಇರಲಿ, ಬಟ್ಟೆ ಹೊಲಿಯುವ ಮಾಮೂಲಿ ಉದ್ದ ಗೊಂಬೆಗೆ ಸಾಲದು. ಕತ್ತಿನ ಎರಡೂ ಪಕ್ಕ ಇನ್ನೊಂದು ಸಲ ಹೊಲಿಗೆ ಓಡಿಸಿ. ಕತ್ತಿನ ಬಾಗಿನಲ್ಲಿ ಮಾರ್ಜಿನ್ ಬಟ್ಟೆಗೆ ಕಚ್ಚು ಕೊಡುವಾಗ ಹೊಲಿಗೆಗೆ ತೀರಾ ಹತ್ತಿರ ಹೋಗಬೇಡಿ, ಬಿಟ್ಟುಕೊಳ್ಳುವುದು ಶುರುವಾಗುವುದೇ ಅಲ್ಲಿಂದ.

ಎಳೆಗಳನ್ನು ನೇಯದೆ ಒತ್ತಿ ಮಾಡುವ ಫೆಲ್ಟ್ ಬಗ್ಗೆ ಎರಡೇ ಮಾತು. ಅದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಹೇಗೆ ಕತ್ತರಿಸಿದರೂ ನಡೆಯುತ್ತದೆ, ಅಂಚು ಬಿಡುವುದಿಲ್ಲ. ಹಾಗಂತ ಎಳೆತ ತಡೆಯುವುದಿಲ್ಲ, ಪಿಂಜಿಕೊಂಡು ಬರುತ್ತದೆ. ಬೂಟು, ಟೋಪಿ ಮಾಡಿ, ಕತ್ತು ಮಾಡಬೇಡಿ.

ಬಟ್ಟೆಯನ್ನು ಗಟ್ಟಿ ಮಾಡಲು ಹೊರಟವರು

ಗಟ್ಟಿ ಬೇಕೋ ಮೆತ್ತಗೆ ಬೇಕೋ ಅನ್ನುವ ಈ ಜಗ್ಗಾಟ ಹಳೆಯದು. ಬಟ್ಟೆ ಗೊಂಬೆಗಳ ಚರಿತ್ರೆಯಲ್ಲಿ ಹೆಸರು ಮಾಡಿದವರೆಲ್ಲ ಹೆಚ್ಚು ಕಡಿಮೆ ಇದೊಂದೇ ಸಮಸ್ಯೆಗೆ ಕೈ ಹಾಕಿದವರು: ಬಟ್ಟೆ ಆಕಾರ ಹಿಡಿದು ನಿಲ್ಲುವುದಿಲ್ಲ, ಏನು ಮಾಡೋಣ? ಅಮೆರಿಕದ ರೋಡ್ ಐಲೆಂಡ್‌ನ ಇಜಾನ್ನಾ ವಾಕರ್ 1873ರಲ್ಲಿ ಬಟ್ಟೆ ಗೊಂಬೆ ಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದರು. ಅಂಟು ಬಳಿದ ಬಟ್ಟೆಯ ಪದರಗಳನ್ನು ಅಚ್ಚಿನಲ್ಲಿ ಒತ್ತಿ ತಲೆಯ ಆಕಾರ ಬರಿಸಿ, ಅದರ ಮೇಲೆ ಹೆಣೆದ ಬಟ್ಟೆ ಎಳೆದು, ತೈಲವರ್ಣದಲ್ಲಿ ಮುಖ ಬರೆಯುತ್ತಿದ್ದರು. ಅದೇ ಪ್ರಾಂತ್ಯದ ಮಾರ್ಥಾ ಚೇಸ್ ಕೂಡ ಹೆಣೆದ ಬಟ್ಟೆಯ ಮೇಲೆ ದಪ್ಪಗೆ ತೈಲವರ್ಣ ಬಳಿದೇ ಹೆಸರಾದವರು, ಅವರ ಗೊಂಬೆಗಳ ಮುಖವನ್ನು ಒರೆಸಿ ತೊಳೆಯಬಹುದಿತ್ತು. ಎಷ್ಟು ಗಟ್ಟಿ ಅಂದರೆ 1911ರಲ್ಲಿ ಒಂದು ಆಸ್ಪತ್ರೆಗೆ ನರ್ಸ್‌ಗಳ ತರಬೇತಿಗಾಗಿ ಆಳೆತ್ತರದ ಗೊಂಬೆಯನ್ನು ಅವರು ಮಾಡಿಕೊಟ್ಟರು. ಎತ್ತಿ ಮಲಗಿಸುವುದನ್ನು ಹುಡುಗಿಯರು ಕಲಿತದ್ದು ಬಟ್ಟೆಯ ರೋಗಿಯ ಮೇಲೆ.

ಜರ್ಮನಿಯ ಕೇಟೆ ಕ್ರೂಸೆ ಕಥೆ ನನಗೆ ಇಷ್ಟ. 1905ರಲ್ಲಿ ಮಗಳು ಗೊಂಬೆ ಬೇಕು ಅಂದಾಗ ಒಂದು ಟವಲಿಗೆ ಮರಳು ತುಂಬಿ, ಮೂಲೆಗಳನ್ನು ಗಂಟು ಹಾಕಿ ಕೈಕಾಲು ಮಾಡಿ, ತಲೆಗೆ ಆಲೂಗಡ್ಡೆ ಕಟ್ಟಿ ಕೊಟ್ಟರಂತೆ. ಮೈ ಮೆತ್ತಗೆ, ತಲೆ ಗಟ್ಟಿ. ಅವಸರದಲ್ಲಿ ಕಟ್ಟಿದ ಆ ಗೊಂಬೆಯಲ್ಲೇ ಮುಂದಿನ ದಾರಿ ಇತ್ತು ನೋಡಿ. 1910ರಲ್ಲಿ ಬರ್ಲಿನ್‌ನ ಒಂದು ಪ್ರದರ್ಶನದಲ್ಲಿ ಅವರ ಗೊಂಬೆಗಳು ಜನರ ಕಣ್ಣಿಗೆ ಬಿದ್ದವು. ಆಮೇಲೆ ಆಲೂಗಡ್ಡೆಯ ಜಾಗಕ್ಕೆ ಒತ್ತಿ ಗಟ್ಟಿ ಮಾಡಿದ ಬಟ್ಟೆಯ ತಲೆ ಬಂತು, ಮೈಗೆ ಹಿಮಸಾರಂಗದ ಕೂದಲು ತುಂಬುತ್ತಿದ್ದರು. ಇಟಲಿಯ ಟುರಿನ್‌ನಲ್ಲಿ 1919ರಲ್ಲಿ ಶುರುವಾದ ಲೆಂಚಿ ಕಂಪನಿಯವರು ಫೆಲ್ಟನ್ನು ಆವಿ ಕೊಟ್ಟು ಅಚ್ಚಿನಲ್ಲಿ ಒತ್ತಿ, ಹೊಲಿಗೆಯೇ ಇಲ್ಲದ ಮುಖ ಮಾಡಿದರು. ಜರ್ಮನಿಯವರೇ ಆದ ಮಾರ್ಗರೆಟ್ ಸ್ಟೈಫ್ 1880ರಲ್ಲಿ ಮಾಡಿದ ಫೆಲ್ಟ್ ಆನೆ ಮೊದಲು ಆಟಿಕೆಯೇ ಆಗಿರಲಿಲ್ಲ, ಸೂಜಿ ಚುಚ್ಚಿಡುವ ದಿಂಬು. ಮಕ್ಕಳು ಅದನ್ನು ಕಿತ್ತುಕೊಂಡು ಆಡಲು ಶುರುಮಾಡಿದರು. ಸೂಜಿ ನಿಲ್ಲಬೇಕಾದರೆ ಒತ್ತಾಗಿ ತುಂಬಲೇಬೇಕು. ಆ ಒತ್ತೇ ಆಟಕ್ಕೂ ಬಾಳಿಕೆ ಬಂತು ಅಂತ ನನ್ನ ಊಹೆ.

ಇವರೆಲ್ಲ ಅಂಟು, ಅಚ್ಚು, ತೈಲವರ್ಣ ಅಂತ ಒದ್ದಾಡಿದ್ದು ಬಟ್ಟೆಯ ಗುಣ ಬಿಟ್ಟುಕೊಡದೆ ಅದಕ್ಕೆ ಮೂಳೆ ಕೊಡುವುದಕ್ಕೆ. ನಾವು ಈಗ ಪ್ಯಾಕೆಟ್ ಒಡೆದು ಮೋಡದಂಥ ಫೈಬರ್ ತುಂಬಿ, ತಬ್ಬಿಕೊಂಡರೆ ಎಷ್ಟು ಹಿತ ಅಂತ ಖುಷಿ ಪಡುತ್ತೇವೆ. ಹಿತ ಹೌದು, ಮೊದಲ ವಾರ.

ಮುಖ, ಕೂದಲು ವಗೈರೆ

ಮುಖಕ್ಕೆ ಮಹತ್ವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿಯೂ ಒಳಗಿನ ಗಟ್ಟಿತನದ್ದೇ ಆಟ. ಸೂಜಿ ದಾರದಲ್ಲಿ ಎಳೆದು ಮೂಗಿನ ಹೊಳ್ಳೆ, ಕಣ್ಣ ಗುಳಿ, ತುಟಿಯ ಮೂಲೆ ಮೂಡಿಸುವವರು ಇದ್ದಾರಲ್ಲ, ಅವರ ತಲೆಗಳನ್ನು ಒತ್ತಿ ನೋಡಿ, ಕಲ್ಲು. ಸಡಿಲವಾಗಿ ತುಂಬಿದ ತಲೆಯಲ್ಲಿ ದಾರ ಎಳೆದರೆ ಇಡೀ ಮುಖ ಒಳಗೆ ಕುಸಿಯುತ್ತದೆ, ಗುಳಿ ಬೀಳುವುದಿಲ್ಲ. ಎಳೆಯುವ ದಾರ ಸೋಫಾ ಹೊಲಿಯುವ ಗಟ್ಟಿ ಪಾಲಿಯೆಸ್ಟರ್ ದಾರವಾಗಿರಬೇಕು, ಮಾಮೂಲಿ ಹತ್ತಿ ದಾರ ಅರ್ಧಕ್ಕೇ ಕಡಿದು ಸಿಟ್ಟು ಬರಿಸುತ್ತದೆ. ವಾಲ್ಡಾರ್ಫ್ ಗೊಂಬೆಯ ತಲೆಯಲ್ಲಂತೂ ಇನ್ನೂ ಚೆಂದದ ಉಪಾಯ. ಉಣ್ಣೆಯ ಬಿಗಿ ಉಂಡೆಯನ್ನು ಕೊಳವೆ ಬಟ್ಟೆಯಲ್ಲಿ ಹಾಕಿ, ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಒಂದು ದಾರ ಬಿಗಿಯುತ್ತಾರೆ. ಹಣೆ ಮೇಲೆ, ಕೆನ್ನೆ ಕೆಳಗೆ ತಾನಾಗಿ ಉಬ್ಬುತ್ತದೆ. ಅದರ ಮೇಲೆ ಚರ್ಮದ ಬಣ್ಣದ ಹತ್ತಿ ಬಟ್ಟೆ ಎಳೆದು ಹೊಲಿದರೆ ಮುಗಿಯಿತು. ಕಣ್ಣಿಗೆ ಎರಡು ಗೆರೆ, ಬಾಯಿಗೆ ಒಂದು. ಮಿಕ್ಕದ್ದನ್ನು ಮಗು ನೋಡಿಕೊಳ್ಳುತ್ತದೆ.

ಕಣ್ಣಿಗೆ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಹಾಕುವವರು ಒಂದು ಅಳತೆ ನೆನಪಿಟ್ಟುಕೊಳ್ಳಲಿ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಚಿಕ್ಕ ಕೊಳವೆ ಬಳಸುತ್ತಾರೆ, ಅದರೊಳಗೆ ಪೂರ್ತಿ ಹಿಡಿಸುವ ಯಾವ ಬಿಡಿಭಾಗವೂ 3 ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಇರಬಾರದು. ಗೊಂಬೆಗೆ ಹಾಕುವ ಗುಂಡಿಗಳೆಲ್ಲ ಅದರೊಳಗೆ ಆರಾಮಾಗಿ ಇಳಿಯುತ್ತವೆ. "ಸೇಫ್ಟಿ ಐ" ಅಂತ ಮಾರುವ ಕಣ್ಣಿನ ಹಿಂದೆ ವಾಷರ್ ಇರುತ್ತದೆ, ಆ ಕಣ್ಣು ವಾಷರ್‌ನಿಂದ ಬಿಡುವುದು ಅಪರೂಪ, ನಿಜ. ಸುತ್ತಲಿನ ಬಟ್ಟೆಯ ತೂತೇ ಹಿಗ್ಗಿ ಕಣ್ಣು, ವಾಷರ್ ಎರಡೂ ಒಟ್ಟಿಗೆ ಕೈಗೆ ಬರುವುದನ್ನು ನಾನು ರಿಪೇರಿಯಲ್ಲಿ ನೋಡಿದ್ದೇನೆ. ಪುಟ್ಟ ಮಕ್ಕಳಿಗೆ ದಾರದ ಕಣ್ಣೇ ಸರಿ. ಕಸೂತಿ ದಾರದ ಆರು ಎಳೆಯಲ್ಲಿ ಎರಡೋ ಮೂರೋ ಬಿಡಿಸಿಕೊಂಡು ಹೊಲಿದರೆ ಸಾಕು.

ಕೂದಲಿನ ಬಗ್ಗೆ ಜನ ಪ್ರಬಂಧವನ್ನೇ ಬರೆಯಬಲ್ಲರು, ನನಗೆ ಅಷ್ಟು ತಾಳ್ಮೆ ಇಲ್ಲ. ಮೊಹೇರ್ ಚೆಂದ, ಅಂಗೋರಾ ಮೇಕೆಯ ಉಣ್ಣೆ, ಹೊಳಪು ಹೋಗುವುದಿಲ್ಲ. ಒಂದೇ ಒಂದು ವಿಷಯ: ದಪ್ಪ ನೂಲಿನ ಉದ್ದ ಜಡೆ ಅಂದರೆ ತಲೆಗೆ ಇನ್ನಷ್ಟು ಭಾರ, ಆ ಭಾರವನ್ನು ಹೊರುವುದು ಯಾರು ಅಂತ ಗೊತ್ತಲ್ಲ.

ತೂಕದ ಯೋಚನೆ

ಸದ್ಯಕ್ಕೆ ನನ್ನ ತಲೆಯಲ್ಲಿ ಓಡುತ್ತಿರುವುದು ಭಾರ ಎಲ್ಲಿ ಇಡಬೇಕು ಅನ್ನುವುದು. ಕತ್ತನ್ನು ಗಟ್ಟಿ ಮಾಡುವುದು ಒಂದು ದಾರಿ. ಗೊಂಬೆಯ ಬುಡ ಭಾರವಾಗಿದ್ದರೆ ಕೂತಾಗ ಮೈ ವಾಲುವುದಿಲ್ಲ, ತಲೆಯನ್ನು ಮುಂದಕ್ಕೆ ಎಳೆಯುವ ಜಗ್ಗಾಟ ಅಷ್ಟರ ಮಟ್ಟಿಗೆ ಕಡಿಮೆ. ಕೇಟೆ ಕ್ರೂಸೆ 1920ರ ದಶಕದಲ್ಲಿ ಮರಳು ತುಂಬಿದ ಕೂಸು ಗೊಂಬೆ ಮಾಡಿದ್ದರು, ಎತ್ತಿದರೆ ನಿಜವಾದ ಶಿಶುವಿನ ಹಾಗೆ ತೋಳಿನಲ್ಲಿ ಭಾರವಾಗಿ ಬೀಳುತ್ತಿತ್ತಂತೆ, ತಾಯಂದಿರಿಗೆ ಕಲಿಸಲಿಕ್ಕೂ ಬಳಸುತ್ತಿದ್ದರು. ಮರಳು ಸೋರುತ್ತದೆ, ತೇವ ಹಿಡಿಯುತ್ತದೆ. ಧಾನ್ಯ ತುಂಬಿದರೆ ಹುಳ ಗ್ಯಾರಂಟಿ, ಒಗೆಯುವ ಹಾಗೂ ಇಲ್ಲ. ಪ್ಲಾಸ್ಟಿಕ್ ಹರಳು ಒಗೆದರೆ ಏನೂ ಆಗುವುದಿಲ್ಲ, ಭಾರ ಕಡಿಮೆ. ಗಾಜಿನ ಸಣ್ಣ ಹರಳು ಸ್ವಲ್ಪದರಲ್ಲೇ ಭಾರ ಕೊಡುತ್ತದೆ, ಆದರೆ ಒಂದು ಹೊಲಿಗೆ ಬಿಟ್ಟರೂ ಮನೆಯೆಲ್ಲ ಹರಡಿ ಮಗುವಿನ ಬಾಯಿಗೆ ಹೋಗುವ ಅಪಾಯ. ಹಾಗಾಗಿ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಒಂದು ಚೀಲ, ಅದನ್ನು ಇನ್ನೊಂದು ಚೀಲದೊಳಗೆ ಹಾಕಿ, ಎರಡಕ್ಕೂ ಡಬಲ್ ಹೊಲಿಗೆ. ಚಿಕ್ಕ ಮಕ್ಕಳ ಗೊಂಬೆಗಾದರೆ ಅದೂ ಬೇಡ ಅಂತಲೇ ನನ್ನ ಅಭಿಪ್ರಾಯ.

ಈಗ ಮೇಜಿನ ಮೇಲೆ ಇರುವ ಗೊಂಬೆ ಒಬ್ಬ ದೊಡ್ಡವರಿಗೆ, ಓದುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಲು ಬೇಕಂತೆ. ಕತ್ತಿಗೆ ಕೋರಾ ಬಟ್ಟೆಯ ಸುರುಳಿ ಇಟ್ಟಾಗಿದೆ, ಎದೆಗೆ ಉಣ್ಣೆ, ಹೊಟ್ಟೆಗೆ ಬೂರುಗ. ಹರಳಿನ ಚೀಲವನ್ನು ಕುಂಡೆಯ ನಡುಮಧ್ಯಕ್ಕೆ ಇಡಬೇಕೋ ಬೆನ್ನಿನ ಕಡೆಗೆ ಸರಿಸಬೇಕೋ ಅನ್ನುವುದೊಂದು ಬಗೆಹರಿದಿಲ್ಲ. ಹಿಂದಕ್ಕೆ ಸರಿಸಿದರೆ ಒರಗಿ ಕೂರುತ್ತದೆ, ನಡುವೆ ಇಟ್ಟರೆ ಗೋಡೆಯ ಆಸರೆ ಬೇಕಾಗುವುದಿಲ್ಲ. ಬೆನ್ನು ಇನ್ನೂ ಹೊಲಿದಿಲ್ಲ, ಪಿನ್ ಚುಚ್ಚಿ ಎರಡೂ ರೀತಿ ಕೂರಿಸಿ ನೋಡುತ್ತಿದ್ದೇನೆ.